ಪೋಸ್ಟ್ ಹಾಕುವವರು ಬೇಕಾದಷ್ಟಿದ್ದಾರೆ, ಫೋನ್ ಎತ್ತುವವರು ಯಾರು?

ನನ್ನದು ಗದಗಿನಲ್ಲಿ ಸಣ್ಣ ಡಿಟಿಪಿ ಅಂಗಡಿ. ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್, ಬೆಟಗೇರಿ ಅಂದರೆ ಮಗ್ಗ. ಇಪ್ಪತ್ತು ವರ್ಷಗಳಿಂದ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್ ಮಾಡುತ್ತಾ ಬಂದಿದ್ದೇನೆ. ನಮ್ಮ ಚರ್ಚಿನ ಸಭೆಯ ಸುವಾರ್ತೆ (ಯೇಸುವಿನ ಸಂದೇಶ) ಕರಪತ್ರಗಳೂ ನನ್ನ ಟೇಬಲ್ ಮೇಲೆಯೇ ತಯಾರಾಗುತ್ತಿದ್ದವು. ಒಂದು ಸಲಕ್ಕೆ 5000 ಪ್ರತಿ. ಕೊನೆಯ ಸಾಲಿನಲ್ಲಿ ‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’ ಅಂತ ಸಭೆಯ ನಂಬರ್. ಆ ನಂಬರ್ ಲ್ಯಾಂಡ್‌ಲೈನಿನದು. ಆ ಫೋನ್ ಇದ್ದದ್ದು ವಾರಕ್ಕೆ ಆರು ದಿನ ಬೀಗ ಹಾಕಿರುವ ಆಫೀಸ್ ರೂಮಿನಲ್ಲಿ. ಎಷ್ಟೋ ವರ್ಷ ಹೀಗೇ ನಡೆಯಿತು. ಯಾರಿಗೂ ಏನೂ ಅನ್ನಿಸಲಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಚರ್ಚ್ ಬಾಗಿಲು ಮುಚ್ಚಿತು, ನನ್ನ ಅಂಗಡಿಯೂ ಮುಚ್ಚಿತು. ಪಾಸ್ಟರ್ ಫೋನ್ ಮಾಡಿ, “ನಿನಗೆ ಕಂಪ್ಯೂಟರ್ ಗೊತ್ತಲ್ಲಪ್ಪ, ಮೊಬೈಲಿನಲ್ಲೇ ಏನಾದರೂ ಮಾಡು” ಅಂದರು. ನಾನು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಅಂಗಡಿ ಫೋನಿನಲ್ಲಿ ಸುಮಾರು 600 ಗಿರಾಕಿಗಳ ನಂಬರ್ ಇತ್ತು. ಚಂದದ ಬೈಬಲ್ ವಚನದ ಕಾರ್ಡ್ ಒಂದು ಮಾಡಿ ಅವರಲ್ಲಿ ಬಹಳ ಜನರಿಗೆ ಕಳಿಸಿಬಿಟ್ಟೆ. ಸಂಜೆ ಒಬ್ಬ ಹಳೇ ಗಿರಾಕಿ ಫೋನ್ ಮಾಡಿದರು. ಬೈಯಲಿಲ್ಲ. “ಮಗಳ ಲಗ್ನಪತ್ರಿಕೆ ಪ್ರೂಫ್ ಕಳಿಸಲಿಕ್ಕೆ ಅಂತ ನಂಬರ್ ಕೊಟ್ಟಿದ್ದೆ, ಇದಕ್ಕಲ್ಲ” ಅಂದರು, ಅಷ್ಟೇ. ಅವರ ಎರಡನೇ ಮಗಳ ಪತ್ರಿಕೆ ಬೇರೆ ಅಂಗಡಿಯಲ್ಲಿ ಆಯಿತು.

ಹಾಗಾಗಿ ನಾನು ಹೇಳುವ ಮೊದಲ ಮಾತು ಯಾವ ಆ್ಯಪ್ ಬಗ್ಗೆಯೂ ಅಲ್ಲ. ಬೇರೆ ಕೆಲಸಕ್ಕೆ ಅಂತ ಸಿಕ್ಕ ನಂಬರ್‌ಗೆ ಸುವಾರ್ತೆ ಕಳಿಸಬೇಡಿ. ಕೇಳದೆ ಗುಂಪಿಗೆ ಸೇರಿಸಬೇಡಿ. ಜನರೇ ನಿಮಗೆ ಮೊದಲು ‘ನಮಸ್ಕಾರ’ ಅಂತ ಕಳಿಸಲಿ. ಆಮೇಲೆ ನೀವು ಶುರು ಮಾಡಿ.

ಎರಡನೆಯದು, ಒಂದು ಪೋಸ್ಟ್ ಹಾಕುವ ಮೊದಲೇ ಉತ್ತರ ಕೊಡುವವರನ್ನು ಗೊತ್ತುಮಾಡಿ. ನಮ್ಮಲ್ಲಿ ಈಗ ಸಭೆಗೇ ಅಂತ ಒಂದು ಬೇರೆ ಫೋನ್, ಬೇರೆ ಸಿಮ್ ಇದೆ. ಹಳೇ ಫೋನೇ, ಮೂಲೆಯಲ್ಲಿ ಗ್ಲಾಸ್ ಒಡೆದಿದೆ. ಸರದಿ ಮೂವರದು: ನಾನು, ರಿಟೈರ್ ಆದ ಒಬ್ಬ ನರ್ಸ್ ಆಂಟಿ, ಯೂತ್‌ನ ಒಬ್ಬ ಹುಡುಗ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್, ಚಾರ್ಜರ್, ಒಂದು 100 ಪುಟದ ನೋಟ್‌ಬುಕ್ ಕೈ ಬದಲಾಗುತ್ತವೆ. ಆ್ಯಡ್ಮಿನ್‌ನ ಸ್ವಂತ ನಂಬರ್ ಕೊಟ್ಟರೆ ಏನಾಗುತ್ತದೆ ಗೊತ್ತಾ? ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ನಿಮ್ಮ ಸೇವೆಯೂ ಅವನ ಜೊತೆ ಬಸ್ ಹತ್ತುತ್ತದೆ.

ಆ ಸಿಮ್‌ಗೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ದುಡ್ಡು ಬೇಡ. ರಾತ್ರಿ ಹೊತ್ತು ತಾನಾಗಿಯೇ ಹೋಗುವ ಮೆಸೇಜ್ ಇಡಬಹುದು. ನಮ್ಮದು ಹೀಗಿದೆ: “ನಿಮ್ಮ ಮೆಸೇಜ್ ಬಂದಿದೆ. ಬೆಳಿಗ್ಗೆ 8ರ ಒಳಗೆ ಒಬ್ಬರು ಓದಿ ಉತ್ತರ ಕೊಡುತ್ತಾರೆ.” ಚಾಟ್‌ಗಳಿಗೆ ಲೇಬಲ್ ಹಚ್ಚುವ ಸೌಲಭ್ಯವೂ ಇದೆ. ‘ಉತ್ತರ ಬಾಕಿ’, ‘ಪ್ರಾರ್ಥನೆ’, ‘ಫೋನ್ ಮಾಡಬೇಕು’ ಅಂತ ಮೂರು ಸಾಕು. ಒಂದೇ ನಂಬರನ್ನು ಇನ್ನೂ 4 ಸಾಧನಗಳಲ್ಲಿ ತೆರೆಯಬಹುದು. ಆದರೂ ನಾವು ಕೈಯಿಂದ ಕೈಗೆ ಫೋನ್ ಕೊಡುವುದನ್ನೇ ಇಟ್ಟುಕೊಂಡಿದ್ದೇವೆ. ಎಲ್ಲರ ಹತ್ತಿರವೂ ತೆರೆದಿದ್ದರೆ ‘ಇನ್ನೊಬ್ಬರು ನೋಡಿಕೊಂಡಿರುತ್ತಾರೆ’ ಅಂತ ಮೂವರೂ ಸುಮ್ನಿರುತ್ತಾರೆ. ಇದು ನಮ್ಮಲ್ಲಿ ಆಗಿಹೋದ ಸಂಗತಿ.

ಗುಂಪೋ, ಬ್ರಾಡ್‌ಕಾಸ್ಟೋ, ಚಾನೆಲ್ಲೋ? ಇದರಲ್ಲಿ ಬಹಳ ಜನ ಎಡವುತ್ತಾರೆ. ಗುಂಪಿನಲ್ಲಿ 1024 ಜನರ ತನಕ ಸೇರಿಸಬಹುದು, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಮನೆಯವರಿಗೆ ಹೇಳದೆ ಬೈಬಲ್ ಓದುವ ಹೆಣ್ಣುಮಗಳ ನಂಬರ್ ಅಲ್ಲಿ ಅವಳ ಮೈದುನನ ಕಣ್ಣಿಗೆ ಬಿದ್ದರೆ? ಸಭೆಯವರ ಸ್ವಂತ ವಿಷಯಕ್ಕೆ ಮಾತ್ರ ಗುಂಪು ಇಟ್ಟುಕೊಳ್ಳಿ. ಬ್ರಾಡ್‌ಕಾಸ್ಟ್ ಪಟ್ಟಿಗೆ (ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವುದು) 256 ಜನ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ‘ಎಷ್ಟೋ ಜನಕ್ಕೆ ಕಳಿಸಿದೆ, ಯಾರೂ ನೋಡಲಿಲ್ಲ’ ಅಂತ ಗೊಣಗುವವರಲ್ಲಿ ಅರ್ಧ ಜನರ ಕಥೆ ಇದೇ. ಚಾನೆಲ್, ಅಂದರೆ ನಾವು ಹಾಕಿದ್ದನ್ನು ಫಾಲೋ ಮಾಡಿದವರು ನೋಡುವ ಜಾಗ, ನಮ್ಮ ದೇಶಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದರಲ್ಲಿ ಒಬ್ಬ ಫಾಲೋವರ್‌ನ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊರಗಿನವರಿಗೆ ಅಂತ ಕಳಿಸುವುದನ್ನೆಲ್ಲ ನಾವು ಚಾನೆಲ್‌ಗೆ ಹಾಕುತ್ತೇವೆ. ಪ್ರತಿ ಪೋಸ್ಟಿನ ಕೆಳಗೆ ಸಭೆಯ ಫೋನಿನ ನಂಬರ್ ಇರುತ್ತದೆ.

ಇನ್ನು ಏನು ಹಾಕಬೇಕು? ನನ್ನ ಅನುಭವದಲ್ಲಿ ವಿಡಿಯೋಗಿಂತ ಎರಡು ನಿಮಿಷದ ಆಡಿಯೋ ಹೆಚ್ಚು ದೂರ ಹೋಗುತ್ತದೆ. ನಮ್ಮ ಕಡೆಯ ಜನ ಗೋವಾಕ್ಕೆ, ಮಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಶೆಡ್ಡಿನಲ್ಲಿ ಕೂತು ಓದುವಷ್ಟು ತಾಳ್ಮೆ ಇರುವುದಿಲ್ಲ, ಕೆಲವರಿಗೆ ಓದಲೂ ಬರುವುದಿಲ್ಲ. ಆಡಿಯೋ ಆದರೆ ಅಡುಗೆ ಮಾಡುತ್ತಾ ಕೇಳುತ್ತಾರೆ. ನೆಟ್ ಕೂಡ ಕಡಿಮೆ ಸಾಕು.

ರೆಕಾರ್ಡ್ ಮಾಡುವುದನ್ನು ನಾನು ಕಷ್ಟಪಟ್ಟು ಕಲಿತೆ. ನಮ್ಮ ಓಣಿಯಲ್ಲಿ ಎಂಟಕ್ಕೆಲ್ಲ ಪವರ್‌ಲೂಮ್ ಶುರುವಾಗುತ್ತದೆ. ಮೊದಲ ಹತ್ತು ಆಡಿಯೋಗಳಲ್ಲಿ ಯೇಸು ಸ್ವಾಮಿಯ ಮಾತಿಗಿಂತ ಮಗ್ಗದ ಟಕಟಕವೇ ಜಾಸ್ತಿ. ಈಗ ಬೆಳಿಗ್ಗೆ ಆರಕ್ಕೆ ಮಾಡುತ್ತೇನೆ. ಫ್ಯಾನ್ ಬಂದ್. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂತರೆ ದನಿ ಗೋಡೆಗೆ ಹೊಡೆದು ವಾಪಸ್ ಬರುವುದಿಲ್ಲ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಿಲ್ಲಬೇಡಿ.

ಮೈಕ್‌ಗಿಂತ ದೊಡ್ಡ ತೊಂದರೆ ನಮ್ಮ ಬಾಯಿಯದು. ಚರ್ಚಿನೊಳಗೆ ಬೆಳೆದವರಿಗೆ ಒಂದು ಭಾಷೆ ಹತ್ತಿಬಿಟ್ಟಿರುತ್ತದೆ. ನನ್ನ ಮೊದಲ ಆಡಿಯೋ ಶುರುವಾಗಿದ್ದು ಹೀಗೆ: “ಪ್ರಿಯರೇ, ಕರ್ತನ ಪರಿಶುದ್ಧವೂ ಅಮೂಲ್ಯವೂ ಆದ ನಾಮದಲ್ಲಿ ನಿಮಗೆಲ್ಲರಿಗೂ ವಂದನೆಗಳು. ಕುರಿಮರಿಯ ರಕ್ತದಲ್ಲಿ ತೊಳೆಯಲ್ಪಟ್ಟ ನಾವು...” ಇದನ್ನು ಪಕ್ಕದ ಅಂಗಡಿಯ ಟೇಲರ್‌ಗೆ ಕೇಳಿಸಿದೆ. ಬಸವಣ್ಣನವರ ವಚನ ಬಾಯಿಪಾಠ ಇರುವ ಮನುಷ್ಯ, ದಡ್ಡನಲ್ಲ. ಕೇಳಿ ಮುಗಿಸಿ, “ಕುರಿಮರೀನ ಯಾಕೆ ಕೊಯ್ದರು? ಅದರ ರಕ್ತದಲ್ಲಿ ಏನು ತೊಳೆದರು?” ಅಂತ ಕೇಳಿದ. ನಗು ಬಂತು, ಆದರೆ ನನ್ನ ಹತ್ತಿರ ಎರಡು ವಾಕ್ಯದ ಉತ್ತರ ಇರಲಿಲ್ಲ.

ಮರುವಾರ ಬೇರೆ ಮಾಡಿದೆ. “ಒಬ್ಬ ಅಪ್ಪನಿಗೆ ಇಬ್ಬರು ಗಂಡುಮಕ್ಕಳು. ಒಂದು ದಿನ ಸಣ್ಣವನು ಬಂದು, ‘ನನ್ನ ಪಾಲಿನ ಆಸ್ತಿ ಈಗಲೇ ಕೊಟ್ಟುಬಿಡು’ ಅಂದ. ಅಪ್ಪ ಇನ್ನೂ ಬದುಕಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ.” ಇಷ್ಟಕ್ಕೇ ಟೇಲರ್ ಹೊಲಿಗೆ ನಿಲ್ಲಿಸಿದ. ಎರೆಭೂಮಿಯ ಊರಲ್ಲಿ ಪಾಲು ಕೇಳುವುದು ಅಂದರೆ ಏನು ಅಂತ ಯಾರಿಗೂ ವಿವರಿಸಬೇಕಿಲ್ಲ ಅಲ್ವಾ? ಯೇಸು ಕಥೆ ಹೇಳಿದ್ದು ಇಂಥ ಜನಕ್ಕೇ. ನಾವೇ ಆ ಕಥೆಯ ಸುತ್ತ ದಪ್ಪ ದಪ್ಪ ಶಬ್ದಗಳ ಬೇಲಿ ಹಾಕಿದ್ದೇವೆ. ಈಗ ನನ್ನ ಪದ್ಧತಿ ಇಷ್ಟು: ಒಂದು ಕಥೆ, ಒಂದು ಪ್ರಶ್ನೆ, ಒಂದು ನಂಬರ್. ‘ರಕ್ಷಣೆ’, ‘ಅಭಿಷೇಕ’, ‘ಪುನರುತ್ಥಾನ’ ಇಂಥ ಶಬ್ದ ಬಂದರೆ ಅಲ್ಲೇ ಒಡೆದು ಹೇಳಬೇಕು, ಇಲ್ಲ ಬಿಡಬೇಕು. ರೆಕಾರ್ಡ್ ಆದದ್ದನ್ನು ಚರ್ಚಿಗೆ ಬಾರದ ಒಬ್ಬರಿಗೆ ಕೇಳಿಸದೆ ಹೊರಗೆ ಬಿಡುವುದಿಲ್ಲ. ನಮ್ಮ ಟೇಲರ್ ಇವತ್ತಿಗೂ ಚರ್ಚಿಗೆ ಬಂದಿಲ್ಲ. ಆದರೆ ನಮ್ಮ ಚಾನೆಲ್‌ನ ಎಡಿಟರ್ ಅವನೇ ಅಂದರೂ ತಪ್ಪಿಲ್ಲ.

ಪ್ರತಿ ಆಡಿಯೋದ ಮೊದಲ ಸಾಲು ಮಾತ್ರ ಬದಲಾಗುವುದಿಲ್ಲ: ನಾವು ಕ್ರೈಸ್ತರು, ಬೆಟಗೇರಿಯ ಇಂಥ ಸಭೆಯವರು. ಕೆಲವರು ‘ಜೀವನ ಸಲಹೆ’, ‘ಯಶಸ್ಸಿನ ಗುಟ್ಟು’ ಅಂತ ಶುರು ಮಾಡಿ ಹತ್ತನೇ ಮೆಸೇಜಿಗೆ ಯೇಸುವನ್ನು ಹೊರಗೆ ತೆಗೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕೇಳುವವನು ಯಾರ ಮಾತು ಕೇಳುತ್ತಿದ್ದೇನೆ ಅಂತ ಗೊತ್ತಿದ್ದು ಕೇಳಲಿ, ಬೇಡವಾದರೆ ಬಿಡಲಿ.

ಅಕ್ಷರದ ಬಗ್ಗೆ ನನ್ನಂಥವನು ಒಂದು ಮಾತು ಹೇಳದಿದ್ದರೆ ಹೇಗೆ? ನಿಮ್ಮ ಸಭೆಯ ಹಳೇ ಕರಪತ್ರಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಇರುತ್ತವೆ. ಅದನ್ನು ಹಾಗೇ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಪೌಂಡ್ ಚಿಹ್ನೆ, ಇಂಗ್ಲಿಷ್ ಅಕ್ಷರ ಸೇರಿ ಕಲಸುಮೇಲೋಗರ ಆಗುತ್ತದೆ. ಮೊದಲು ಯೂನಿಕೋಡ್‌ಗೆ (ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ಪದ್ಧತಿ) ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ನೋಡಿ. ಹೊಸದಾಗಿ ಬರೆಯುವುದಾದರೆ ಗೂಗಲ್‌ನ ಕೀಬೋರ್ಡ್ ಜಿಬೋರ್ಡಿನಲ್ಲಿ ಮಾತಾಡಿದರೆ ಸಾಕು, ಕನ್ನಡ ಅದೇ ಟೈಪ್ ಮಾಡಿಕೊಳ್ಳುತ್ತದೆ, ತಪ್ಪು ತಿದ್ದಬೇಕು. ಕಾರ್ಡ್ ಮಾಡುವಾಗ ಸೂರ್ಯೋದಯ, ಪಾರಿವಾಳ, ಗುಲಾಬಿ ಮೂರೂ ಒಂದೇ ಕಡೆ ತುರುಕಬೇಡಿ. ಬಿಳಿ ಹಾಳೆ, ಕರಿ ಅಕ್ಷರ, ಒಂದೇ ವಚನ. “ಎಲೈ ಕಷ್ಟಪಡುವವರೇ, ಹೊರೆಹೊತ್ತವರೇ, ನೀವೆಲ್ಲರು ನನ್ನ ಬಳಿಗೆ ಬನ್ನಿರಿ” – ಇದಕ್ಕೆ ಗುಲಾಬಿ ಯಾಕೆ? ಇಡೀ ಬೈಬಲ್ ಓದಬೇಕು ಅನ್ನುವವರಿಗೆ ಯೂವರ್ಷನ್ ಆ್ಯಪಿನಲ್ಲಿ ಕನ್ನಡ ಬೈಬಲ್ ಪುಕ್ಕಟೆ ಸಿಗುತ್ತದೆ, ಆ ಲಿಂಕ್ ಕಳಿಸಿ. ಅಧ್ಯಾಯಗಟ್ಟಲೆ ನೀವೇ ಓದಿ ಅಪ್‌ಲೋಡ್ ಮಾಡುವ ಮುಂಚೆ ಬೈಬಲ್ ಸೊಸೈಟಿಯನ್ನು ಕೇಳಿ, ಅನುವಾದಕ್ಕೆ ಹಕ್ಕುಸ್ವಾಮ್ಯ ಇರುತ್ತದೆ.

ವಿಡಿಯೋ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಯೂಟ್ಯೂಬಿನಲ್ಲಿ ಮೊಬೈಲಿನಿಂದ ಲೈವ್ ಹೋಗಲು ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು. ಲೈವ್ ಸೌಲಭ್ಯ ಮೊದಲ ಸಲ ಆನ್ ಮಾಡಿದಾಗ 24 ಗಂಟೆ ಹಿಡಿಯಬಹುದು. ಕ್ರಿಸ್ಮಸ್ ಹಿಂದಿನ ರಾತ್ರಿ ಇದನ್ನು ಕಂಡುಕೊಂಡವರ ಪೈಕಿ ನಾನೂ ಒಬ್ಬ. ದನಿಯನ್ನು ಚರ್ಚಿನ ಸ್ಪೀಕರಿನಿಂದ ಹಿಡಿಯದೆ ಮಿಕ್ಸರಿನಿಂದ ನೇರ ವೈರ್ ಎಳೆದು ಫೋನಿಗೆ ಕೊಡಿ. ಹಿನ್ನೆಲೆಗೆ ಯಾರದೋ ಆಲ್ಬಮ್ ಹಾಡು ಹಾಕಿದರೆ ಕಾಪಿರೈಟ್ ಕ್ಲೇಮ್ ಬರುತ್ತದೆ. ನಿಮ್ಮ ಕ್ವಯರ್ ಹಾಡುವ ಹಳೇ ಕೀರ್ತನೆಯೇ ಸಾಕು. ಇಡೀ ಎರಡು ಗಂಟೆಯ ಆರಾಧನೆಯನ್ನು ಹೊರಗಿನವರು ನೋಡುವುದಿಲ್ಲ, ಅದು ಮಂಚ ಹಿಡಿದ ನಮ್ಮ ಅಜ್ಜಿಯರಿಗೆ. ಹೊರಗಿನವರಿಗೆ ಒಂದು ನಿಮಿಷದ ತುಣುಕು ಬೇರೆ ಕತ್ತರಿಸಿ.

ಫೇಸ್‌ಬುಕ್ಕಿನಲ್ಲಿ ಒಂದು ಸಲ 500 ರೂಪಾಯಿ ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿದೆ. ಲೈಕ್ ಬಹಳ ಬಂದವು, ಒಂದು ಫೋನೂ ಬರಲಿಲ್ಲ. ಅದೇ ವಾರ ಗೂಗಲ್ ಮ್ಯಾಪಿನಲ್ಲಿ ಚರ್ಚಿನ ಗುರುತು ಸರಿಮಾಡಿ, ಆರಾಧನೆಯ ಹೊತ್ತು, ಫೋನ್ ನಂಬರ್, ಗೇಟಿನ ಫೋಟೊ ಹಾಕಿದೆ. ಖರ್ಚು ಸೊನ್ನೆ. ಊರಿಗೆ ವರ್ಗವಾಗಿ ಬಂದ ಒಂದು ಕುಟುಂಬ ಅದನ್ನು ನೋಡಿಕೊಂಡು ಮುಂದಿನ ಭಾನುವಾರ ಬಾಗಿಲಿಗೆ ಬಂತು.

ನಮ್ಮ ಹಿರಿಯರಲ್ಲಿ ಒಂದು ತಕರಾರು ಇತ್ತು. ಚಾನೆಲ್ಲಿನಲ್ಲಿ ನಾನು ಪರೀಕ್ಷೆಯ ವೇಳಾಪಟ್ಟಿ, ಸ್ಕಾಲರ್‌ಶಿಪ್‌ನ ಕೊನೆ ದಿನ, ರಕ್ತದಾನ ಶಿಬಿರ ಇವನ್ನೂ ಹಾಕುತ್ತೇನೆ. “ಇದರಲ್ಲಿ ಸುವಾರ್ತೆ ಎಲ್ಲಿದೆ?” ಅಂತ ಒಬ್ಬರು ಕಮಿಟಿಯಲ್ಲಿ ಕೇಳಿದರು. ನಾನು ಅವರಿಗೆ ಪ್ರೆಸ್‌ನವನ ಉತ್ತರ ಕೊಟ್ಟೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದರು, ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಊರಿನ ಸುದ್ದಿ, ಸರಕಾರದ ನಿರೂಪ ಎಲ್ಲ ಇರುತ್ತಿತ್ತು. ಮಿಷನರಿ ತೆಗೆದ ಪತ್ರಿಕೆ ಊರಿನ ಜನರ ಪತ್ರಿಕೆಯಾಯಿತು. ಕಮಿಟಿಯವರು ಒಪ್ಪಿದರೋ, ನನ್ನ ಭಾಷಣ ಸಾಕು ಅನ್ನಿಸಿತೋ ಗೊತ್ತಿಲ್ಲ, ಟೀ ಬಂತು. ಆದರೆ ಒಂದು ಗೆರೆ ಹಾಕಿಕೊಂಡಿದ್ದೇವೆ: ಸ್ಕಾಲರ್‌ಶಿಪ್ ವಿಷಯ ಎಲ್ಲರಿಗೂ, ‘ನೀವು ಬಂದರೆ ಕೊಡಿಸುತ್ತೇವೆ’ ಅನ್ನುವ ಮಾತು ಯಾರಿಗೂ ಇಲ್ಲ.

ಈ ಗೆರೆಗೆ ಕಾರಣ ಇದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಎಲ್ಲರಿಗೂ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರ ಮಾಡುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾಯ್ದೆ ಒತ್ತಾಯ, ಮೋಸ, ಆಮಿಷದ ಮತಾಂತರವನ್ನು ಅಪರಾಧ ಮಾಡಿತು. ಹಣ, ಉಡುಗೊರೆ, ಉದ್ಯೋಗ ಎಲ್ಲವೂ ಆಮಿಷದ ಪಟ್ಟಿಯಲ್ಲಿದ್ದವು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಬೇರೆಯವರ ಧಾರ್ಮಿಕ ಭಾವನೆಗೆ ಬೇಕಂತಲೇ ಅವಮಾನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಇದೆ. ನಿಮ್ಮ ಊರಿನ ಪರಿಸ್ಥಿತಿಯನ್ನು ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿಕೊಳ್ಳಿ. ಕಾನೂನು ಹೇಗೇ ಇರಲಿ, ನನ್ನ ಪಕ್ಕದ ಟೇಲರ್ ಕೇಳಿದರೆ ಮನಸ್ಸು ನೋಯಿಸಿಕೊಳ್ಳುವ ಮಾತು ನಮ್ಮ ಚಾನೆಲ್‌ಗೆ ಹೋಗುವುದಿಲ್ಲ. ಬೇರೆ ದೇವರ ಬಗ್ಗೆ ಒಂದು ಅಕ್ಷರವೂ ಇಲ್ಲ. ಕಾಮೆಂಟಿನಲ್ಲಿ ಯಾರಾದರೂ ಬೈದರೆ ಒಂದು ಸಲ ಮರ್ಯಾದೆಯಿಂದ ಉತ್ತರ, ಆಮೇಲೆ ಸುಮ್ನೆ ಇರುವುದು. ನೀವು ಬರೆದ ಪ್ರತಿ ಸಾಲೂ ಸ್ಕ್ರೀನ್‌ಶಾಟ್ ಆಗಿ ಎಲ್ಲಿ ಹೋಗುತ್ತದೋ ಹೇಳಲಾಗದು.

ಹಾಗೆಯೇ ‘ಸಾಕ್ಷಿ’ ವಿಡಿಯೋ ಚಪಲ ಬಿಡಿ. ಹೊಸದಾಗಿ ಪ್ರಾರ್ಥನೆಗೆ ಬಂದವರ ಮುಖ, ಊರು, ಹಳೇ ಜಾತಿ, ಹಳೇ ದೇವರು ಎಲ್ಲ ಹೇಳಿಸಿ ಹಾಕುವುದು. ವೀವ್ಸ್ ನಿಮಗೆ ಬರುತ್ತವೆ, ಊರಿನ ಬಾವಿಕಟ್ಟೆಯಲ್ಲಿ ಮಾತು ಕೇಳಬೇಕಾದವರು ಅವರು. ಮಕ್ಕಳ ಫೋಟೊವನ್ನು ತಂದೆತಾಯಿ ಒಪ್ಪದೆ ಹಾಕಬೇಡಿ, ಸಂಡೇಸ್ಕೂಲಿನದಾದರೂ ಸರಿ. ದೇಣಿಗೆಯ ಕ್ಯೂಆರ್ ಕೋಡ್ ಸುವಾರ್ತೆ ಪೋಸ್ಟಿನಲ್ಲಿ ಬೇಡವೇ ಬೇಡ. ವಿದೇಶಿ ಮೂಲದ ದುಡ್ಡು ತೆಗೆದುಕೊಳ್ಳಲು ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ದುಬೈನಲ್ಲಿರುವ ಅಳಿಯನ ಗೆಳೆಯರು ಪ್ರೀತಿಯಿಂದ ಕಳಿಸುತ್ತೇವೆ ಅಂದರೂ ನಯವಾಗಿ ಬೇಡ ಅನ್ನಿ.

ಈಗ ನಿಜವಾದ ಕೆಲಸಕ್ಕೆ ಬರೋಣ, ಉತ್ತರ ಕೊಡುವುದು. ತ್ರಯೇಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದು) ಅಂದರೇನು ಅಂತ ಕೇಳುತ್ತಾರೆ ಅಂದುಕೊಂಡು ನಾನು ಪುಸ್ತಕ ಓದಿ ತಯಾರಾಗಿದ್ದೆ. ನೋಟ್‌ಬುಕ್ ತೆಗೆದು ನೋಡಿದರೆ ಬಂದದ್ದೇ ಬೇರೆ. ಗಂಡ ಕುಡಿಯುತ್ತಾನೆ. ಮಗು ನಿಂತಿಲ್ಲ. ಸಾಲದವರು ಮನೆ ಮುಂದೆ ಬಂದು ಕೂರುತ್ತಾರೆ. ಪಿಯುಸಿ ಫೇಲ್ ಆಗಿದ್ದೇನೆ. ಅಮ್ಮ ಸತ್ತು ಮೂರು ತಿಂಗಳಾಯಿತು, ನಿದ್ದೆ ಬರುತ್ತಿಲ್ಲ. ಇದಕ್ಕೆ ವಚನದ ಕಾರ್ಡ್ ಫಾರ್ವರ್ಡ್ ಮಾಡಿದರೆ ಅವರು ಎರಡನೇ ಸಲ ಬರೆಯುವುದಿಲ್ಲ. ಮೊದಲು ಅವರ ಮಾತನ್ನೇ ವಾಪಸ್ ಕೇಳಿ: ಅಮ್ಮನಿಗೆ ಏನಾಗಿತ್ತು? ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ನಿಮಗಾಗಿ ಪ್ರಾರ್ಥಿಸಲೇ ಅಂತ ಕೇಳಿ, ಹೂಂ ಅಂದರೆ ನಿಮ್ಮ ದನಿಯಲ್ಲೇ ಅರ್ಧ ನಿಮಿಷ ಪ್ರಾರ್ಥನೆ ಕಳಿಸಿ. ಅವರ ಹೆಸರು ಹೇಳಿ ಪ್ರಾರ್ಥಿಸಿ.

ಕೆಲವು ವಿಷಯದಲ್ಲಿ ನಮ್ಮ ನರ್ಸ್ ಆಂಟಿ ಬಹಳ ಖಡಕ್. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಉತ್ತರ ಕೊಡಬೇಕು. ನನ್ನ ವಾರದಲ್ಲಿ ಬಂದರೂ, “ನಮ್ಮ ಆಂಟಿ ನಿಮಗೆ ಮೆಸೇಜ್ ಮಾಡುತ್ತಾರೆ” ಅಂತ ಹೇಳಿ ಅವರಿಗೆ ದಾಟಿಸುತ್ತೇನೆ. ಹದಿನೆಂಟು ತುಂಬದ ಮಕ್ಕಳ ಜೊತೆ ಗುಟ್ಟಿನ ಚಾಟ್ ಇಲ್ಲ, ಮನೆಯವರಿಗೆ ಗೊತ್ತಿರಬೇಕು. ‘ಪ್ರಾರ್ಥನೆ ಮಾಡುತ್ತೇವೆ, ಗುಳಿಗೆ ಬಿಡಿ’ ಅನ್ನುವ ಮಾತು ನಮ್ಮ ಫೋನಿನಿಂದ ಹೋದರೆ ಆಂಟಿ ಫೋನ್ ಕಸಿದುಕೊಳ್ಳುತ್ತಾರೆ. “ಬಿಪಿ ಗುಳಿಗೆ ತಗೊಂಡೇ ಪ್ರಾರ್ಥನೆ ಮಾಡಲಿ, ದೇವರು ಬೇಡ ಅನ್ನುವುದಿಲ್ಲ” ಅಂತಾರೆ. ಯಾರಾದರೂ ಸಾಯುವ ಮಾತಾಡಿದರೆ ಟೈಪ್ ಮಾಡುತ್ತಾ ಕೂರಬೇಡಿ. ತಕ್ಷಣ ಫೋನ್ ಮಾಡಿ, ಹತ್ತಿರದವರು ಯಾರಿದ್ದಾರೆ ಕೇಳಿ, ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಕೊಡಿ. ಆ ನಂಬರ್ ನಮ್ಮ ಫೋನಿನ ಕವರ್ ಹಿಂದೆ ಚೀಟಿಯಲ್ಲಿ ಅಂಟಿಸಿದೆ. ಪ್ರಿಂಟ್ ನನ್ನದೇ.

ನೋಟ್‌ಬುಕ್ಕಿನಲ್ಲಿ ಲೈಕ್, ವೀವ್ಸ್ ಬರೆಯುವುದಿಲ್ಲ. ಎಷ್ಟು ಜನ ಎರಡನೇ ಸಲ ಬರೆದರು, ಯಾರಿಗೆ ಉತ್ತರ ಬಾಕಿ, ಅಷ್ಟೇ. ಪೂರ್ತಿ ಹೆಸರು ಬರೆಯುವುದಿಲ್ಲ, ಒಂದು ಅಕ್ಷರ, ಒಂದು ಊರು. ಕೆಲವು ವಾರ ಇಪ್ಪತ್ತು ಸಾಲು, ಕೆಲವು ವಾರ ಎರಡೇ. ಎರಡೇ ಸಾಲಿನ ವಾರಗಳಲ್ಲಿ ನನಗೆ ಪೋಸ್ಟ್ ಜಾಸ್ತಿ ಮಾಡುವ ಚಟ ಹತ್ತುತ್ತದೆ. ಆಂಟಿ ಬೈದು ನಿಲ್ಲಿಸುತ್ತಾರೆ.

ಆ ಇಬ್ಬರು ಮಕ್ಕಳ ಆಡಿಯೋವನ್ನು ಹೋದ ತಿಂಗಳು ಮತ್ತೆ ಹಾಕಿದೆವು. ಗೋವಾದಲ್ಲಿ ಗೌಂಡಿ ಕೆಲಸ ಮಾಡುವ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದರು. ಹಿಂದೆ ಯಾವತ್ತೂ ಬರೆದವರಲ್ಲ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು. “ಸಣ್ಣವ ಬಂದ, ಅಪ್ಪ ಊಟ ಹಾಕಿಸಿದ, ಅದು ಆತು. ದೊಡ್ಡವ ಸಿಟ್ಟಾಗಿ ಹೊರಗ ನಿಂತಾನಲ್ಲ, ಅವ ಒಳಗ ಹೋದನೋ ಇಲ್ಲೋ? ಅದನ್ನ ಹೇಳೇ ಇಲ್ಲ ನೀವು. ನಾನೂ ನಮ್ಮನಿಗೆ ದೊಡ್ಡವ ರೀ.”

ಬೈಬಲ್ ತೆಗೆದು ನೋಡಿದೆ. ಲೂಕ 15ನೇ ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ, ದೊಡ್ಡವನು ಒಳಗೆ ಹೋದ ವಿಷಯ ಇಲ್ಲ. ಈ ವಾರ ಫೋನ್ ಆಂಟಿ ಹತ್ತಿರ ಇದೆ. ಮೂರು ಸಲ ಉತ್ತರ ರೆಕಾರ್ಡ್ ಮಾಡಿ ಮೂರು ಸಲವೂ ಅಳಿಸಿದ್ದಾರೆ. ನಿನ್ನೆ ಸಂಜೆ ಅಂಗಡಿಗೆ ಬಂದು ಟೇಲರ್‌ನನ್ನೂ ಕರೆದು ಕೂರಿಸಿಕೊಂಡರು. ಅವನೂ ಅವರ ಮನೆಗೆ ದೊಡ್ಡ ಮಗ.